ಇಳಿದವರ ಮಣ್ಣು

ಮೊದಲ ಬೂಟು ಮೊಣಕಾಲ ಮೇಲೆ ಬಂದು ಕೂತಾಗಲೂ ಬೆಳಿಗ್ಗೆ ಅಪ್ಪ ಕೇಳಿದ ಮಾತೇ ಅವನ ಕಿವಿಯಲ್ಲಿ ಸುತ್ತುತ್ತಿತ್ತು. ‘ಇವತ್ತು ಅರಳುತ್ತೇನೋ?’ ಕೇಳಿದ್ದು ಅವನನ್ನಲ್ಲ, ಕಿಟಕಿಯ ಕಟ್ಟೆಯ ಮೇಲಿದ್ದ ಹಿಡಿ ಮುರಿದ ಕಪ್ಪನ್ನು. ಅಥವಾ ಕಪ್ಪಿನ ಹಿಂದೆ, ಗಾಜಿನಾಚೆ, ಅಷ್ಟು ಹೊತ್ತಿಗೇ ಅರ್ಧ ಮೈಗೆ ಬಿಸಿಲು ಹೊದ್ದುಕೊಂಡಿದ್ದ ಬೆಟ್ಟವನ್ನು. ಅಪ್ಪ ಈಚೆಗೆ ಯಾರನ್ನು ಕೇಳುತ್ತಾನೆ ಎನ್ನುವುದೇ ತಿಳಿಯುವುದಿಲ್ಲ. ಹೂಂ ಎಂದೂ ಅನ್ನದೆ ಉಹೂಂ ಎಂದೂ ಅನ್ನದೆ ಅವನು ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟಿದ್ದ. ಈಗ ಎಡಗೈಯಲ್ಲಿ ಹಿಮ್ಮಡಿ ಹಿಡಿದು ಬಲಗೈಯಲ್ಲಿ ಗಟ್ಟಿ ಕೂದಲಿನ ಬ್ರಶ್ಶು ಆಡಿಸುತ್ತಿದ್ದ. ಅಡಿಯ ಹಳ್ಳಗಳಲ್ಲಿ ಕಚ್ಚಿಕೊಂಡದ್ದನ್ನು ಮೊಂಡು ಕಡ್ಡಿಯಿಂದ ಕೆದಕಬೇಕು, ಆಮೇಲೆ ಲೇಸಿನ ಸಂದಿ, ಆಮೇಲೆ ಕಾಲುಚೀಲದ ಅಂಚು, ಹುಲ್ಲಿನ ಬೀಜ ಕಳ್ಳನ ಹಾಗೆ ಅಡಗುವುದು ಅಲ್ಲೇ. ಕೊನೆಗೆ ಔಷಧದ ನೀರಿನ ತಟ್ಟೆಯಲ್ಲಿ ಬೂಟನ್ನು ಒಮ್ಮೆ ಅದ್ದಿಸಬೇಕು. ಹತ್ತುವವರ ಬೆಂಚು ಬೆಟ್ಟದ ಗೇಟಿನ ಎಡಕ್ಕೆ, ಇಳಿಯುವವರದ್ದು ಬಲಕ್ಕೆ. ಎರಡರ ಕೆಳಗೂ ಒಂದೊಂದು ಮುಚ್ಚಳದ ಡಬ್ಬಿ. ಹೊರಗಿನ ಬೀಜ ಮೇಲೆ ಹೋಗಕೂಡದು, ಮೇಲಿನ ಮಣ್ಣು ಕೆಳಗೆ ಬರಕೂಡದು, ಇಷ್ಟೇ ಕಾನೂನು. ಸಂಜೆ ಎರಡೂ ಡಬ್ಬಿಗಳನ್ನು ಶೆಡ್ಡಿನ ಹಿಂದಿನ ಒಲೆಗೆ ಸುರಿದು ಸುಡುತ್ತಾರೆ.

ಬೂಟಿನ ಒಡೆಯ ಅಷ್ಟು ಹೊತ್ತೂ ಫೋನಿನಲ್ಲಿ ಯಾರಿಗೋ ಬೆಟ್ಟವನ್ನು ವರ್ಣಿಸುತ್ತಿದ್ದ. ಕಾಲನ್ನು ಮಾತ್ರ ಲಾಳ ಹೊಡೆಸಿಕೊಳ್ಳುವ ಕುದುರೆಯ ಹಾಗೆ ಎತ್ತಿ ಇವನಿಗೆ ಒಪ್ಪಿಸಿದ್ದ. ಫೋನು ಮುಗಿದ ಮೇಲೆ ಕೆಳಗೆ ಒಬ್ಬ ಮನುಷ್ಯ ಇದ್ದಾನೆಂದು ನೆನಪಾಗಿ, “ನೀನು ಪುಣ್ಯವಂತ ಬಿಡಪ್ಪ, ದಿನಾ ಮೇಲೆ ಹೋಗ್ತಿರ್ತೀಯ ಅಲ್ವಾ?” ಎಂದ. “ಇಲ್ಲ ಸಾರ್.” “ಯಾಕೆ?” “ಆ ಕಾಲು ಕೊಡಿ ಸಾರ್.” ಯಾಕೆ ಎಂದು ಇವನಿಗೆ ಹೇಳುತ್ತಾ ಕೂರುವುದಕ್ಕಾಗುತ್ತದೆಯೇ? ಹೋಗಿದ್ದು ಒಂದೇ ಸಲ, ಅದೂ ಅಪ್ಪನ ಹೆಗಲ ಮೇಲೆ. ಬೆಟ್ಟದ ಮೇಲೆ ಏನಿದೆ ಎಂದು ಯಾರಾದರೂ ಕೇಳಿದರೆ ಅವನಿಗೆ ನೆನಪಾಗುವುದು ಅಪ್ಪನ ಕುತ್ತಿಗೆ. ಬೆವರಿನಲ್ಲಿ ಹೊಳೆಯುತ್ತಿದ್ದ ಆ ಮಡಿಕೆ, ಬಿಸಿಲು ತೂರಿ ಕೆಂಪಗಾಗಿದ್ದ ಆ ಕಿವಿ. ಉಳಿದದ್ದೆಲ್ಲ ಮೋಡ. ಅಪ್ಪ ಆಗಾಗ ನಿಂತು, ‘ನೋಡೋ, ನೋಡೋ’ ಎಂದು ಕೈ ತೋರಿಸುತ್ತಿದ್ದ. ಇವನು ಬೀಳುವ ಭಯದಲ್ಲಿ ಅಪ್ಪನ ಕೂದಲು ಹಿಡಿದುಕೊಂಡು ಕಣ್ಣು ಮುಚ್ಚಿದ್ದ. ಎಂಥ ಅವಕಾಶ! ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಊರಿನವರು ಅದಕ್ಕೆ ಬೆಟ್ಟ ಎಂದೂ ಅನ್ನುವುದಿಲ್ಲ, ಗೇಟಿನ ಬೋರ್ಡಿನ ಮೇಲಿನ ದೊಡ್ಡ ಹೆಸರಂತೂ ಯಾರ ಬಾಯಲ್ಲೂ ಇಲ್ಲ. ‘ಮೇಲೆ’ ಅಂದರೆ ಮುಗಿಯಿತು. ಬಾಗಿಲು ತೆಗೆದವರು ಹಲ್ಲುಜ್ಜುವ ಮೊದಲೇ ಕತ್ತೆತ್ತಿ, “ಮೇಲೆ ಹೆಂಗಿದೆ?” ಎಂದು ಪಕ್ಕದ ಮನೆಯವರನ್ನು ಕೇಳುತ್ತಾರೆ, ತಮಗೇ ಕಾಣುತ್ತಿದ್ದರೂ. ದೂರದ ಬೆಟ್ಟ ನುಣ್ಣಗೆ ಎಂದು ಗಾದೆ ಮಾಡಿದವನು ಬೆಟ್ಟದ ಬುಡದಲ್ಲಿ ಒಂದು ದಿನವೂ ಇದ್ದವನಲ್ಲ. ಇಲ್ಲಿಯವರಿಗೆ ಹತ್ತಿರವಿದ್ದೇ ಅದು ದೂರ, ಆದರೂ ನುಣ್ಣಗಿಲ್ಲ. ಬೇಲಿ ಬಂದಾಗ ಯಾರನ್ನೂ ದೊಣ್ಣೆ ಹಿಡಿದು ಓಡಿಸಲಿಲ್ಲ. ಎಲ್ಲ ಮರ್ಯಾದೆಯಿಂದಲೇ ನಡೆಯಿತು. ಮೇಲಿನ ಗಿಡಗಳು ಲೋಕದಲ್ಲಿ ಬೇರೆಲ್ಲೂ ಇಲ್ಲವಂತೆ, ಕಾಪಾಡಬೇಕಂತೆ, ಯಾರು ಹೋಗುವುದಿದ್ದರೂ ಗೇಟಿನ ಕಿಟಕಿಯಲ್ಲಿ ಚೀಟಿ ತೆಗೆದುಕೊಂಡು ಹೋಗಬೇಕಂತೆ. ಆ ದಾರಿಯನ್ನು ಕಣ್ಣು ಕಟ್ಟಿಕೊಂಡು ಹತ್ತುತ್ತಿದ್ದವನು ಅಪ್ಪ. ಪರ ಊರಿನಿಂದ ಬಂದವರನ್ನು ಮೇಲೆ ಕರೆದುಕೊಂಡು ಹೋಗಿ ಕರೆತರುವುದೇ ಅವನ ಕೆಲಸವಾಗಿತ್ತು. “ನನ್ನ ಮನೆಗೆ ನಾನು ಚೀಟಿ ತಗೊಂಡು ಹೋಗ್ಲೇನೋ?” ಎಂದ. ಅವತ್ತು ಕೆಳಗೆ ಕೂತವನು ಮತ್ತೆ ಹತ್ತಲಿಲ್ಲ. ಕಾಲಿನಲ್ಲಿ ಕಸುವಿದ್ದಾಗಲೂ ಹತ್ತಲಿಲ್ಲ. ಅಪ್ಪ ಹತ್ತದ ಮೇಲೆ ತಾನು ಹೇಗೆ ಚೀಟಿ ಕೇಳುವುದು? ಇವನೂ ಉಳಿದುಬಿಟ್ಟ. ಗೇಟಿನಲ್ಲಿ ಕೆಲಸ ಸಿಕ್ಕಿದ ದಿನ ಅಪ್ಪ, “ಏನು ಕೆಲಸ?” ಎಂದು ಕೇಳಿದ. “ಬೂಟು ಉಜ್ಜೋದು,” ಎಂದ. ಅಪ್ಪ ಕೆಮ್ಮು ಬರುವ ತನಕ ನಕ್ಕ. “ಅಂತೂ ಮೇಲೆ ಹೋಗೋರ ಕಾಲು ಹಿಡಿದೆ ಅನ್ನು!” ಅದು ತಮಾಷೆ ಎಂದು ಅವನಿಗೂ ಗೊತ್ತಿತ್ತು. ಆದರೂ ಒಂದೊಂದು ಹಿಮ್ಮಡಿ ಕೈಗೆ ಬಂದಾಗಲೂ ಆ ನಗು ಎಲ್ಲಿಂದಲೋ ಕೇಳುತ್ತದೆ. ಗೇಟಿನಲ್ಲಿ ಅವನಿಗೆ ‘ಬ್ರಶ್ಶು’ ಎಂದೇ ಹೆಸರು. ಕರೆದರೆ ತಿರುಗಿ ನೋಡುತ್ತಾನೆ.

“ಏ ಬ್ರಶ್ಶು, ನಿದ್ದೆ ಮಾಡ್ತಿದೀಯೇನೋ? ಸಾಲು ನೋಡು,” ಎಂದು ಮೇಲ್ವಿಚಾರಕ ಬಾಗಿಲಲ್ಲಿ ನಿಂತು ಕೂಗಿದ. ಸಾಲೇನು ಮಹಾ ಇರಲಿಲ್ಲ. ಇನ್ನೊಂದು ಕಾಲು ಬಂತು, ಹೊಸ ಬೂಟು, ಅಡಿಯಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಉಜ್ಜುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ, ಆದರೂ ಉಜ್ಜಿದ.

ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದು ಹಾಕಿದ್ದರು. ಹಗಲು ನೋಡಿಕೊಳ್ಳುವುದಕ್ಕೆ ಚಿಕ್ಕಮ್ಮ ಬಂದಿದ್ದಳು. ಸತ್ತ ಅಮ್ಮನ ತಂಗಿ, ಕಿವಿ ಮಂದ, ಬಾಯಿ ಚುರುಕು. ಅಪ್ಪ ಊಟ ಬಿಟ್ಟ. ಆಮೇಲೆ ಮಾತು ಬಿಟ್ಟ. “ಹೊಟ್ಟೆಗೆ ಹಾಕ್ದೆ ಹಟ ಮಾಡಿದ್ರೆ ಯಮನೇನು ಹೆದರ್ಕೊಂಡು ವಾಪಸ್ ಹೋಗ್ತಾನಾ?” ಎಂದು ಚಿಕ್ಕಮ್ಮ ಗಂಜಿಯ ಬಟ್ಟಲು ಕುಕ್ಕುತ್ತಿದ್ದಳು. ಆಗಲೇ ಒಂದು ಸಂಜೆ ಅಪ್ಪ ಇವನ ಕೈ ಹಿಡಿದು ಉಗುರುಗಳನ್ನು ನೋಡಿದ. ಉಗುರಿನ ಸಂದಿಯಲ್ಲಿ ಕಪ್ಪು ಮಣ್ಣಿತ್ತು. ಆ ಬೆರಳನ್ನು ಮೂಗಿನ ಹತ್ತಿರ ತಂದುಕೊಂಡು, ಸುಮ್ಮನೆ ಹಿಡಿದುಕೊಂಡಿದ್ದ. “ಒಂಚೂರು ತಂದ್ಕೊಡ್ತೀಯಾ?” ಎಂದ. ಜೀವಮಾನದಲ್ಲಿ ಅಪ್ಪ ಅವನ ಹತ್ತಿರ ಏನನ್ನಾದರೂ ಬೇಕೆಂದು ಕೇಳಿದ್ದು ಅದೇ ಮೊದಲು. ಕಾನೂನು, ಕೆಲಸ, ಮೇಲ್ವಿಚಾರಕ, ಯಾವುದೂ ಅವನಿಗೆ ಅಡ್ಡ ಬರಲಿಲ್ಲ. ಮಾರನೆಯ ದಿನವೇ ಇಳಿದವರ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಕರ್ಚೀಫಿನ ಮೂಲೆಯಲ್ಲಿ ಗಂಟು ಹಾಕಿ ಅಂಗಿಯೊಳಗೆ ಇಟ್ಟುಕೊಂಡ.

ಇಳಿದವರ ಮಣ್ಣು ಬೇರೆಯೇ. ಹತ್ತುವವರ ಡಬ್ಬಿಯಲ್ಲಿ ಇರುವುದು ರಸ್ತೆ: ಬೂದು ಮರಳು, ನಾಯಿಕೂದಲು, ಯಾವುದೋ ದೂರದ ಪಟ್ಟಣದ ಪಾರ್ಕಿನ ಹುಲ್ಲು. ಇಳಿದವರ ಡಬ್ಬಿಯಲ್ಲಿ ಇರುವುದು ಕಪ್ಪು, ತೇವ, ನಡುನಡುವೆ ಅಭ್ರಕದ ಚೂರುಗಳ ಮಿನುಗು. ಅಪ್ಪ ಚಿಟಿಕೆಯನ್ನು ಅಂಗೈಯಲ್ಲಿ ಹಾಕಿಕೊಂಡು ಹೆಬ್ಬೆರಳಿನಿಂದ ತೀಡಿ ಮೂಸುತ್ತಿದ್ದ. “ಇದು ಬುಗ್ಗೆ ಹತ್ರದ್ದು. ನೋಡು, ಕೊಳೆತ ಎಲೆ ವಾಸನೆ.” ಇನ್ನೊಂದು ದಿನ, “ಇದು ತುದೀದು ಕಣೋ. ಏನೂ ವಾಸನೆ ಇಲ್ಲ. ಅಲ್ಲಿ ಗಾಳಿ ಏನನ್ನೂ ಉಳಿಸಲ್ಲ.” ಮೂಸಿ ಮುಗಿದ ಮೇಲೆ ಕಿಟಕಿಯ ಮೇಲಿನ ಮುರುಕು ಕಪ್ಪಿಗೆ ಹಾಕುತ್ತಿದ್ದ. ನಡುನಡುವೆ ಗಂಜಿ ಕುಡಿಯುವುದಕ್ಕೆ ಬಾಯಿ ತೆರೆಯತೊಡಗಿದ. ಸಂಜೆ ಇವನು ಬಾಗಿಲು ತಳ್ಳಿದರೆ, “ಬಂದ್ಯಾ? ಏನು ಬಂತು?” ಎನ್ನುತ್ತಿದ್ದ. ಇವನಿಗೆ ಇಷ್ಟು ವಯಸ್ಸಾಗಿ ಮನೆಯಲ್ಲಿ ತನಗಾಗಿ ಕಾಯುವವರು ಒಬ್ಬರಿದ್ದಾರೆ ಅನ್ನಿಸಿದ್ದು ಆಗಲೇ. ಕಾಯುತ್ತಿದ್ದುದು ತನಗೋ ಕರ್ಚೀಫಿಗೋ ಎಂದು ಒಮ್ಮೊಮ್ಮೆ ಅನುಮಾನವಾಗುತ್ತಿತ್ತು, ಅದನ್ನು ಅಲ್ಲಿಗೇ ಬಿಡುತ್ತಿದ್ದ.

ಆಮೇಲೆ ಆ ಗಾಳಿಯ ದಿನ ಬಂತು. ಮೇಲೆ ಬಿರುಗಾಳಿ, ಯಾರೂ ಹತ್ತಕೂಡದೆಂದು ಮಧ್ಯಾಹ್ನದೊಳಗೆ ಗೇಟು ಹಾಕಿದರು. ಬೆಳಿಗ್ಗೆ ಬೂಟು ಉಜ್ಜಿಸಿಕೊಂಡವರೂ ಬೆಂಚಿನಿಂದಲೇ ಗೊಣಗುತ್ತಾ ಹಿಂದಿರುಗಿದರು. ಇಳಿಯುವವರ ಡಬ್ಬಿ ಖಾಲಿ. ಬರಿಗೈಯಲ್ಲಿ ಹೋಗಿ ‘ಇವತ್ತು ಇಲ್ಲಪ್ಪ’ ಎಂದಿದ್ದರೆ ಏನು ಆಕಾಶ ಬೀಳುತ್ತಿತ್ತೇ? ಆದರೆ ಆ ‘ಬಂದ್ಯಾ?’ಗೆ ಇಲ್ಲ ಎನ್ನುವುದಕ್ಕೆ ಅವನ ಕೈಲಾಗಲಿಲ್ಲ. ಹತ್ತುವವರ ಡಬ್ಬಿಗೆ ಕೈ ಹಾಕಿದ. ಅಪ್ಪ ಅದನ್ನು ಅಂಗೈಯಲ್ಲಿ ಹಾಕಿಕೊಂಡು, ತೀಡಿ, ಮೂಸಿ, ಸುಮ್ಮನಿದ್ದ. ಆಮೇಲೆ, “ಮೇಲೆ ಒಣಗಿದೆ ಅನ್ಸುತ್ತೆ. ಇಲ್ಲಿಡು,” ಎಂದು ಕಟ್ಟೆಯನ್ನು ತೋರಿಸಿದ. ಆಗ ಇವನ ಒಳಗೆ ಏನೋ ಒಂದು ನಕ್ಕಿತು. ಓಹೋ, ಇಷ್ಟೇನಾ! ಬುಗ್ಗೆ, ತುದಿ, ಕೊಳೆತ ಎಲೆ ಎಲ್ಲಾ ಬರೀ ಬೊಗಳೆಯೋ ಹಾಗಾದರೆ? ಒಂದು ಕ್ಷಣ ಅಷ್ಟೇ. ಅಪ್ಪ ಬಚ್ಚಲಿನ ಕೆಲಸಕ್ಕೂ ಇನ್ನೊಬ್ಬರ ಕೈ ಹಿಡಿಯುತ್ತಿದ್ದಾಗಲೂ ಅವನಿಗೆ ಅಪ್ಪ ಚಿಕ್ಕವನಾಗಿ ಕಂಡಿರಲಿಲ್ಲ, ಆ ಕ್ಷಣ ಕಂಡ. ಮೋಸ ಮಾಡಿದ್ದಕ್ಕಿಂತ ಆ ನಗುವೇ ಅವನನ್ನು ಕೊರೆಯುತ್ತಿತ್ತು. ಯಾರ ಮುಂದೆ ಹೇಳಿಕೊಳ್ಳುವುದು? ಚಿಕ್ಕಮ್ಮನ ಕಿವಿಯಲ್ಲಿ ಕೂಗಿ ಹೇಳಿದರೆ ಬೀದಿಗೆಲ್ಲ ಕೇಳುತ್ತದೆ.

ಕಪ್ಪಿನಲ್ಲಿ ಹಸಿರು ಕಾಣಿಸಿಕೊಂಡದ್ದು ಅದಾದ ಸ್ವಲ್ಪ ದಿನಕ್ಕೆ. ಮೊದಲು ಒಂದು ದಾರದಂಥ ಎಳೆ, ಆಮೇಲೆ ಮೂರು ಸೀಳಿನ, ಬೂದು ಕೂದಲಿನ ಪುಟ್ಟ ಎಲೆಗಳು. ಅಪ್ಪ ಎದ್ದು ಕೂತಷ್ಟು ಖುಷಿಯಾದ. “ಮೇಲಿನ ಬಿಳಿ ಕಣೋ! ಬಿಳಿ ಹೂವು, ತುದಿ ಕೆಳಗೆ ಬಂಡೆ ಸಂದೀಲಿ ಬರುತ್ತೆ. ನಿಂಗೆ ತೋರ್ಸಿದ್ದೆ ಅವತ್ತು, ಹೆಗಲ ಮೇಲೆ ಕೂತಿದ್ದಾಗ, ನೆನಪಿದೆಯಾ?” “ಹೂಂ ಅಪ್ಪ.” ಕಣ್ಣು ಮುಚ್ಚಿದ್ದೆ ಎಂದು ಹೇಳಲಿಲ್ಲ. “ಅರಳ್ಲಿ. ಅದನ್ನೊಂದು ನೋಡಿಬಿಟ್ರೆ ಸಾಕು,” ಎಂದ ಅಪ್ಪ. ಸಾಕು ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಮೊಗ್ಗು ಕೂತ ದಿನದಿಂದ ಇವನಿಗೆ ನಿದ್ದೆಯಿಲ್ಲ. ಅದು ಇಳಿದವರ ಮಣ್ಣಿನದ್ದೋ, ಆ ಒಂದು ದಿನದ ರಸ್ತೆಯ ಮಣ್ಣಿನದ್ದೋ? ಅದನ್ನೂ ಅಪ್ಪ ಕಪ್ಪಿಗೇ ಹಾಕಿರಬೇಕಲ್ಲ. ಬೇರೆ ಬಣ್ಣದ ಹೂವು ಅರಳಿದರೆ? ಸಾಯುವ ಮುನ್ನ ಅಪ್ಪ ಕಣ್ಣಾರೆ ನೋಡುವುದು ಯಾವುದೋ ಬಸ್ ನಿಲ್ದಾಣದ ಕಳೆಯಾಗಿಬಿಟ್ಟರೆ?

ಇವತ್ತು ಬಿಸಿಲೇರಿದ ಮೇಲೆ ಗೇಟಿಗೆ ಗಿಡದ ಮೇಡಂ ಬಂದರು. ಮೇಲಿನ ಗಿಡಗಳನ್ನು ಓದುವುದೇ ಅವರ ಕೆಲಸ. ಕೈಯಲ್ಲಿ ಯಾವಾಗಲೂ ಒಂದು ಭೂತಗನ್ನಡಿ. ಗೇಟಿನಲ್ಲಿ ತಾವೇ ಬೂಟು ಉಜ್ಜಿಕೊಳ್ಳುವವರೆಂದರೆ ಅವರೊಬ್ಬರೇ, ಇವನು ಬಗ್ಗಿದರೆ “ಬೇಡ ಬೇಡ, ಏಳಿ” ಎನ್ನುತ್ತಾರೆ. ಅದೂ ಇವನಿಗೆ ಒಂದು ಥರ ಅವಮಾನವೇ, ಇರುವ ಒಂದು ಕೆಲಸವನ್ನೂ ಕಿತ್ತುಕೊಂಡ ಹಾಗೆ. ಇವತ್ತು ಸುರುಳಿ ಸುತ್ತಿದ ಒಂದು ಪಟ ತಂದಿದ್ದರು. ಶೆಡ್ಡಿನ ಗೋಡೆಗೆ ಅಂಟಿಸಿ, “ಎಲ್ಲರೂ ನೋಡ್ಕೊಳಿ. ಹೊಸ ಕಳೆ. ಬೂಟಿನ ಅಡೀಲೇ ಬರ್ತಿದೆ. ಬುಗ್ಗೆ ಹತ್ರ ಹಳದಿ ಹಾಸಿದ ಹಾಗೆ ಹಬ್ಬಿದೆ, ಬೇರೆ ಏನನ್ನೂ ಬದುಕೋಕೆ ಬಿಡಲ್ಲ ಇದು,” ಎಂದರು. ಪಟದ ತುಂಬ ಒಂದು ಗಿಡ. ಮೂರು ಸೀಳಿನ ಎಲೆ. ಎಲೆಯ ಮೇಲೆ ಬೂದು ಕೂದಲು. ತುದಿಯಲ್ಲಿ ಹಳದಿ ಹೂವು. ಪಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಏನೋ ಎರಡು ಸಾಲು ಇತ್ತು. ಅಷ್ಟರಲ್ಲಿ ಬೆಂಚಿನ ಮೇಲೊಂದು ಕಾಲು ಬಂದಿತ್ತು. ಓದುವುದಕ್ಕೆ ಇನ್ನೇನು ಉಳಿದಿತ್ತು? ಆ ಎಲೆಯನ್ನು ಅವನು ಬೆಳಿಗ್ಗೆ ಸಂಜೆ ನೋಡುತ್ತಿಲ್ಲವೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನು ತನಗೇ ಗೊತ್ತಿಲ್ಲದೆ ಅಂಗಿಯೊಳಗಿನ ಕರ್ಚೀಫು ಮುಟ್ಟಿ ನೋಡಿಕೊಂಡ.

“ನಿಮ್ಮ ತಂದೆಯವರು ಹೇಗಿದಾರೆ?” ಮೇಡಂ ಪಕ್ಕದಲ್ಲೇ ನಿಂತಿದ್ದರು. “ಇದಾರೆ ಮೇಡಂ.” “ಇವತ್ತು ಸಂಜೆ ಒಂದೈದು ನಿಮಿಷ ಬಂದು ನೋಡ್ಲಾ? ಮೇಲೆ ಬತ್ತಿಹೋದ ಬುಗ್ಗೆಗಳು ಎಲ್ಲಿದ್ವು ಅಂತ ಅವರನ್ನ ಕೇಳ್ಬೇಕಿತ್ತು.” “ಅವರಿಗೆ ಹುಷಾರಿಲ್ಲ ಮೇಡಂ, ಮಾತೇ ಆಡಲ್ಲ.” “ಯಾಕೋ ಸುಳ್ಳು ಹೇಳ್ತೀಯ?” ಎಂದು ಮೇಲ್ವಿಚಾರಕ ಮೂಗು ತೂರಿಸಿದ. “ಮೊನ್ನೆ ನಾನು ಕಿಟಕಿ ಕೆಳಗೆ ಹೋಗ್ತಿದ್ರೆ ನನ್ನನ್ನೇ ಬೈದ್ರಲ್ಲ ನಿಮ್ಮಪ್ಪ, ಭರ್ಜರಿಯಾಗಿ! ಬನ್ನಿ ಮೇಡಂ, ನಾನೇ ಕರ್ಕೊಂಡು ಹೋಗ್ತೀನಿ.” ಎಲ್ಲರೂ ನಕ್ಕರು. ಇವನೂ ಹಲ್ಲು ಬಿಟ್ಟ. ಆಮೇಲೆ, ಬಿಸಿಲು ಇಳಿಯುವ ಹೊತ್ತಿಗೆ, ಹೊಟ್ಟೆನೋವು ಎಂದು ಸುಳ್ಳು ಹೇಳಿ, ಅಷ್ಟೂ ಜನರ ಮುಂದೆ ಹೊಟ್ಟೆ ಹಿಡಿದುಕೊಂಡು ನಿಂತು, ಬೇಗ ಹೊರಡುವುದಕ್ಕೆ ಅಪ್ಪಣೆ ಪಡೆದ. “ಹೋಗು ಹೋಗು, ದಾರೀಲಿ ಕೂತ್ಕೊಂಡ್ಬಿಟ್ಟೀಯ,” ಎಂದ ಮೇಲ್ವಿಚಾರಕ.

ಮನೆಯ ಕಡೆ ಅವನು ಹೆಚ್ಚುಕಡಿಮೆ ಓಡಿದ. ಬಟ್ಟೆ ಅಂಗಡಿ, ಸೈಕಲ್ ರಿಪೇರಿಯವನು, ಮುಚ್ಚಿದ ಸಿನಿಮಾ ಮಂದಿರ. ಎಲ್ಲದರ ತಲೆಯ ಮೇಲೂ ಬೆಟ್ಟ. ಈ ಊರಿನಲ್ಲಿ ಬೆಟ್ಟಕ್ಕೆ ಬೆನ್ನು ಹಾಕಿ ಎಲ್ಲಿಗೂ ಓಡುವ ಹಾಗಿಲ್ಲ, ತಿರುವಿನಲ್ಲಿ ಮತ್ತೆ ಎದುರಿಗೆ ಬರುತ್ತದೆ. ಮೇಡಂ ಕಪ್ಪನ್ನು ನೋಡಿದರೆ ಏನಾಗುತ್ತದೆಂದು ಅವನ ಕಣ್ಣಿಗೆ ಕಟ್ಟಿತ್ತು. ಕೆಲಸ ಹೋಗುವುದು ಬಿಡಿ. ಅಪ್ಪ ಹೆಮ್ಮೆಯಿಂದ ಬೆರಳು ತೋರಿಸುತ್ತಾನೆ, ‘ಮೇಲಿನ ಬಿಳಿ’ ಎನ್ನುತ್ತಾನೆ. ಮೇಡಂ ಭೂತಗನ್ನಡಿ ಹಿಡಿದು ಮೆತ್ತಗೆ, ‘ಅಲ್ಲ, ಇದು ಕಳೆ’ ಎನ್ನುತ್ತಾರೆ. ಆಗ ಅಪ್ಪನ ಮುಖ. ಆ ಮುಖವನ್ನು ಮಾತ್ರ ಅವನು ನೋಡಲಾರ. ಯಾರ ಕಾಲನ್ನಾದರೂ ಹಿಡಿದಾನು, ಅದನ್ನು ನೋಡಲಾರ.

ಮನೆಯಲ್ಲಿ ಅಪ್ಪ ನಿದ್ದೆಯಲ್ಲಿದ್ದ, ಬಾಯಿ ಸ್ವಲ್ಪ ತೆರೆದಿತ್ತು. “ಏನೋ ಇಷ್ಟು ಬೇಗ? ಓಡಿಸಿದ್ರಾ ಕೆಲಸದಿಂದ?” ಎಂದು ಚಿಕ್ಕಮ್ಮ ಅಡಿಗೆಮನೆಯಿಂದ ಕೂಗಿದಳು. ಅವನು ಉತ್ತರ ಕೊಡದೆ ಕಿಟಕಿಯ ಹತ್ತಿರ ಹೋದ. ಮೊಗ್ಗು ಬೆಳಗಿನದಕ್ಕಿಂತ ದಪ್ಪಗಾಗಿತ್ತು, ಇವತ್ತಲ್ಲದಿದ್ದರೆ ನಾಳೆ ಬಾಯಿ ಬಿಡುವಂತಿತ್ತು. ಹಸಿರು ಸಿಪ್ಪೆ ಬಿಗಿಯಾಗಿ ಮುಚ್ಚಿಕೊಂಡಿತ್ತು, ಒಳಗಿನ ಬಣ್ಣ ಕಾಣುತ್ತಿರಲಿಲ್ಲ. ಬೆಕ್ಕು ಬೀಳಿಸಿತು ಎನ್ನಬಹುದು. ಚಿಕ್ಕಮ್ಮನ ಸೆರಗು ತಾಗಿತು ಎನ್ನಬಹುದು; ಪಾಪ, ಅವಳಿಗೆ ಕೇಳಿಸುವುದೂ ಇಲ್ಲ. ಇಷ್ಟು ವರ್ಷ ಬೀಜ ಕೀಳುವುದನ್ನೇ ಕೆಲಸ ಮಾಡಿಕೊಂಡಿದ್ದ ಕೈ, ಬುಡಕ್ಕೆ ಎರಡು ಬೆರಳು ಹಾಕಿ ಎಳೆಯಿತು. ಬೇರು ಮಣ್ಣು ಬಿಡುವಾಗ ಒಂದು ಸಣ್ಣ ಸದ್ದಾಯಿತು, ಹಳೆಯ ಬಟ್ಟೆಯ ಹೊಲಿಗೆ ಬಿಟ್ಟ ಹಾಗೆ. ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ತಿರುಗಿದರೆ ಅಪ್ಪನ ಕಣ್ಣು ತೆರೆದಿತ್ತು.

“ಬಂದ್ಯಾ?” ಎಂದ ಅಪ್ಪ. “ಬೆಳಕಿಗೆ ಅಡ್ಡ ನಿಂತಿದೀಯಲ್ಲೋ.” ಅವನು ಕದಲಲಿಲ್ಲ. ಕಪ್ಪು ಅವನ ಬೆನ್ನ ಹಿಂದಿತ್ತು. ಸರಿಯಬೇಕು, ಬೆಕ್ಕಿನ ಕತೆ ಶುರು ಮಾಡಬೇಕು ಎನ್ನುವಷ್ಟರಲ್ಲಿ ಬಾಗಿಲಲ್ಲಿ ಮೇಲ್ವಿಚಾರಕನ ದನಿ: “ಅಜ್ಜಾವ್ರೇ, ನೋಡಿ ಯಾರನ್ನ ಕರ್ಕೊಂಡು ಬಂದಿದೀನಿ!” ಮೇಡಂ ಹೊಸ್ತಿಲಾಚೆ ಬೂಟು ಬಿಚ್ಚಿ ಒಳಗೆ ಬಂದರು. ಮೇಲ್ವಿಚಾರಕನಿಗೆ ಯಾರೋ ಫೋನು ಮಾಡಿದರು, ಅವನು ಬೀದಿಯಲ್ಲೇ ನಿಂತು ಮಾತಾಡತೊಡಗಿದ. ಒಳಗೆ ಬೂಟಿಲ್ಲದ ಮೇಡಂ ಚಿಕ್ಕ ಹುಡುಗಿಯ ಹಾಗೆ ಕಾಣುತ್ತಿದ್ದರು.

ಅಪ್ಪ ಆ ಸಂಜೆ ಆಡಿದಷ್ಟು ಮಾತನ್ನು ಅವನು ಎಂದೂ ಕೇಳಿರಲಿಲ್ಲ. ಬುಗ್ಗೆಗಳನ್ನೆಲ್ಲ ಹೇಳಿದ, ಯಾವುದು ಯಾವ ಬಂಡೆಯ ಮಗ್ಗುಲಲ್ಲಿ, ಯಾವುದರ ನೀರು ಹಲ್ಲು ಜುಮ್ಮೆನ್ನಿಸುತ್ತಿತ್ತು. ಮೇಡಂ ಮಂಚದ ತುದಿಯಲ್ಲಿ ಕೂತು ಕೇಳಿದರು. “ಮತ್ತೆ ಒಂದ್ಸಲ ಮೇಲೆ ಹೋಗ್ಬೇಕು ಅನ್ಸಲ್ವಾ ನಿಮಗೆ? ನಾವು ವ್ಯವಸ್ಥೆ ಮಾಡಬಹುದು, ಹೊತ್ಕೊಂಡು...” ಅಪ್ಪ ಕೈ ಆಡಿಸಿದ. “ಯಾಕಮ್ಮಾ? ನನ್ನ ಮಗ ದಿನಾ ಮನೆಗೇ ತರ್ತಾನಲ್ಲ.” ಇವನು ಬೀದಿಯ ಕಡೆ ನೋಡಿದ, ಮೇಲ್ವಿಚಾರಕ ಇನ್ನೂ ಫೋನಿನಲ್ಲೇ ಇದ್ದ. “ಮೇಲೆ ಹೋಗಿಬಂದೋರ ಕಾಲಿಂದ ಒಂದು ಚಿಟಿಕೆ. ತಪ್ಪು ಅಂತ ನಂಗೂ ಗೊತ್ತು, ಬೈಯೋದಿದ್ರೆ ನನ್ನ ಬೈಯಿ. ಅವನು ಒಂದು ದಿನಾನೂ ತಪ್ಪಿಸಿದವನಲ್ಲ.” ಆಮೇಲೆ ಅಪ್ಪನ ಮುಖದಲ್ಲಿ ಹಳೆಯ ತುಂಟತನ ಬಂತು. “ಒಂದೇ ಒಂದು ದಿನ ಮಾತ್ರ ರಸ್ತೆ ಮಣ್ಣು ತಂದು ಕೊಟ್ಟಿದ್ದ, ಕಳ್ಳ! ಮೇಲೆ ಗಾಳಿ ಎದ್ದಿತ್ತು ಅವತ್ತು, ಕಾಣ್ತಿತ್ತಲ್ಲ ನಂಗೆ ಇಲ್ಲಿಂದ. ಯಾರು ಇಳೀತಾರೆ ಅಂಥ ಗಾಳೀಲಿ? ಪಾಪ, ಬರಿಗೈಲಿ ಬರಬಾರ್ದು ಅಂತ ತಂದಿದ್ದ. ನಾನೂ ಸುಮ್ನಿದ್ದೆ. ಅವನು ಆಚೆ ಹೋದ್ಮೇಲೆ ಕಿಟಕಿಯಿಂದ ಬೀದಿಗೇ ಚೆಲ್ದೆ. ಬೀದೀದು ಬೀದಿಗೆ.” ನಗುತ್ತಾ ನಗುತ್ತಾ ಕೆಮ್ಮಿದ. “ನಿನ್ನ ಹಿಂದೆ ನೋಡಮ್ಮಾ, ಕಪ್ಪಲ್ಲಿ. ಮೇಲಿನ ಬಿಳಿ! ಏ, ಸರಿಯೋ ಆಚೆ, ಅವರು ನೋಡ್ಲಿ.”

ಮೇಡಂ ಎದ್ದು ಬಂದರು. ಅವನು ಸರಿಯಲಿಲ್ಲ, ಅವರೇ ಪಕ್ಕಕ್ಕೆ ಬಗ್ಗಿ, ಅಪ್ಪನಿಗೆ ಬೆನ್ನು ಹಾಕಿ, ಕಪ್ಪಿನೊಳಗೆ ನೋಡಿದರು. ಕಪ್ಪು ಮಣ್ಣು, ನಡುವೆ ಬೆರಳು ಹೋಗುವಷ್ಟು ಒಂದು ತೂತು. ಅವರು ತಲೆಯೆತ್ತಿ ಇವನ ಮುಖ ನೋಡಿದರು. ಇವನ ಕೈ ತಾನಾಗಿಯೇ ಜೇಬಿಗೆ ಹೋಗಿ ಅದನ್ನು ಹೊರಗೆ ತೆಗೆಯಿತು. ಎಲೆಗಳು ಮೆತ್ತಗಾಗಿದ್ದವು. ಅವರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಉಗುರಿನ ತುದಿಯಿಂದ ಮೊಗ್ಗಿನ ಸಿಪ್ಪೆಯನ್ನು ಕೂದಲೆಳೆಯಷ್ಟು ಬಿಡಿಸಿದರು. ಒಳಗೆ ಬಿಳಿ. ಹಾಲಿನಂಥ, ತಪ್ಪಿಸಿಕೊಳ್ಳುವುದಕ್ಕೆ ಏನೂ ದಾರಿಯಿಲ್ಲದಂಥ ಬಿಳಿ.

“ನೀವೇ ಕಿತ್ರಾ?” ಮೇಡಂ ಪಿಸುಗುಟ್ಟಿದರು. ಅವನು ಹೌದೆಂದು ತಲೆಯಾಡಿಸಿದ. “ಯಾಕೆ?” “ಎಲೆ... ಪಟದಲ್ಲಿ...” “ಕೆಳಗೆ ಬರ್ದಿತ್ತಲ್ಲ. ಮೇಲಿನ ಬಿಳಿಗೂ ಹೀಗೇ ಎಲೆ ಇರುತ್ತೆ, ಹೂ ನೋಡದೆ ಕೀಳಬೇಡಿ ಅಂತ. ಓದಲಿಲ್ವಾ?” ಅವನು ಅವರ ಅಂಗೈಯಲ್ಲಿದ್ದ ಹರಿದ ಬೇರನ್ನು ನೋಡಿದ. “ಇದನ್ನ ಕೆಳಗೆ ಬೆಳೆಸೋಕೆ ನಾವು ಏನೇನೋ ಮಾಡಿ ನೋಡಿದೀವಿ,” ಎಂದು ಅವರು ಯಾರಿಗೋ ಎನ್ನುವಂತೆ ಹೇಳಿದರು, “ಒಂದೂ ಏಳಲಿಲ್ಲ.” “ಏನಂತಾರೋ?” ಎಂದು ಅಪ್ಪ ಮಂಚದಿಂದ ಕೂಗಿದ. “ಬಿಳಿ ತಾನೇ?” ಮೇಡಂ ತಿರುಗಿದರು. “ಹೌದು ಅಜ್ಜಾ, ಬಿಳಿ,” ಎಂದರು. ಗಿಡವನ್ನು ಇವನ ಕೈಗೆ ಕೊಟ್ಟು, ತಮ್ಮ ಅಂಗೈಗೆ ಅಂಟಿದ ಮಣ್ಣನ್ನು ಒಂದು ಕಾಳೂ ಬಿಡದೆ ಕಪ್ಪಿನೊಳಗೆ ಉದುರಿಸಿ ಹೊರಗೆ ಹೋದರು. ಬೂಟಿನ ಲೇಸು ಕಟ್ಟಿಕೊಳ್ಳುವುದಕ್ಕೆ ಅವರಿಗೆ ತುಂಬಾ ಹೊತ್ತು ಹಿಡಿಯಿತು.

ಅವನು ಅಪ್ಪನಿಗೆ ಬೆನ್ನು ಮಾಡಿಯೇ ಗಿಡವನ್ನು ತೂತಿಗೆ ಇಳಿಸಿದ. ಹರಿದ ಬೇರುಗಳನ್ನು ಒಂದೊಂದಾಗಿ ಒಳಗೆ ಕೂರಿಸಿ, ಮಣ್ಣು ಒತ್ತಿ, ನಾಲ್ಕು ಹನಿ ನೀರು ಬಿಟ್ಟ. ಕೈ ಬಿಟ್ಟರೆ ಅದು ಮಗ್ಗುಲಾಗುತ್ತಿತ್ತು. ಹಿಡಿದರೆ ನಿಲ್ಲುತ್ತಿತ್ತು. ಕೊನೆಗೆ ಅವನು ಕಟ್ಟೆಯ ಕೆಳಗೆ ಮೊಣಕಾಲೂರಿ ಕೂತು, ಅಪ್ಪನಿಗೆ ಕಾಣದ ಹಾಗೆ ಕೈಯನ್ನು ಕಪ್ಪಿನ ಹಿಂದಿನಿಂದ ಮೇಲೆ ತಂದು, ಎರಡು ಬೆರಳುಗಳ ನಡುವೆ ದಂಟನ್ನು ಹಿಡಿದುಕೊಂಡ. ದಿನವೆಲ್ಲ ಕೂತು ಅಭ್ಯಾಸವಾದ ಭಂಗಿಯೇ, ಮೊಣಕಾಲಿಗೆ ಹೊಸದೇನೂ ಅಲ್ಲ. ಕಿಟಕಿಯಾಚೆ ಬೆಟ್ಟದ ಮೇಲೆ ಕೊನೆಯ ಬಿಸಿಲಿತ್ತು. ಅದರ ಮುಂದೆ ಗಿಡ ಕಪ್ಪಗೆ, ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಅಪ್ಪ ನೋಡುತ್ತಲೇ ಇದ್ದ. ಅಪ್ಪನ ಮೂಗು ಒಂದು ದಿನವೂ ಸುಳ್ಳಾಡಿರಲಿಲ್ಲ. ಅವತ್ತು ತನ್ನೊಳಗೆ ನಕ್ಕದ್ದು ಯಾವುದೋ ಅದಕ್ಕೆ ಈಗ ಅಳು ಬರುತ್ತಿತ್ತು. ಚಿಕ್ಕಮ್ಮ ದೀಪ ಹಾಕಲು ಬಂದವಳು ಇವನನ್ನು ನೋಡಿ, “ಇದೇನೋ ಅವತಾರ?” ಎಂದಳು, ಅಪ್ಪ, “ದೀಪ ಬೇಡ” ಎಂದು ಕೈ ಮಾಡಿದ. ಅವಳು ಗೊಣಗುತ್ತಾ ಹೋದಳು.

“ಯಾಕೋ ಒಂದು ಥರ ನಡುಗ್ತಿದೆಯಲ್ಲ ಅದು?” ಎಂದ ಅಪ್ಪ.

“ಗಾಳಿ ಅಪ್ಪ.”

“ಕಿಟಕಿ ಮುಚ್ಚಿದೆಯಲ್ಲೋ.”

ಬೆರಳುಗಳು ಸೋಲುತ್ತಿದ್ದವು. ಬೆಟ್ಟದ ಮೇಲಿನ ಬಿಸಿಲು ತುದಿಗೆ ಹೋಗಿ, ಅಲ್ಲಿಂದಲೂ ಬಿಟ್ಟುಹೋಯಿತು. ಅಪ್ಪನ ಉಸಿರು ನಿಧಾನವಾಯಿತು. ನಿದ್ದೆ ಬಂತೇನೋ ಎಂದು ಅವನು ತಲೆ ಸ್ವಲ್ಪ ಎತ್ತಿ ನೋಡಿದ. ಅಪ್ಪ ಅವನನ್ನೇ ನೋಡುತ್ತಿದ್ದ, ಗಿಡವನ್ನಲ್ಲ.

“ಕೈ ತೆಗಿ ಮಗಾ,” ಎಂದ. “ಅದು ಮೇಲಿಂದು. ತಾನೇ ನಿಲ್ಲುತ್ತೆ.”

ಅವನು ತೆಗೆಯಲಿಲ್ಲ.